ದಾರಿ ಬಿಡದ ದೋಣಿ

ಅಂಜನಾಪುರ ಜಲಾಶಯದ ದಂಡೆಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದ ನೀಲಾಂಬಿಕ ಯಾರನ್ನೂ ಹೊಗಳಿದವರಲ್ಲ. ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು, ಕೆಲಸ ಬಿಟ್ಟು ತವರೂರು ಕುಪ್ಪಗಡ್ಡೆಗೆ ಮರಳಿದ್ದರು. ತಪ್ಪು ಮಾಡಿದವರನ್ನು ದಂಡೆಯಿಂದಲೇ ಮೆಗಾಫೋನ್ ಹಿಡಿದು ಬೈಯುತ್ತಿದ್ದರು.

ಅವರ ಹತ್ತಿರ ಕಲಿಯುತ್ತಿದ್ದವರಲ್ಲಿ ಕೈನಾತ್‌ಗೂ ಚನ್ನೇಶನಿಗೂ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಕೈನಾತ್ ಶಿರಾಳಕೊಪ್ಪದ ಟೈಲರ್ ನಜೀರ್ ಸಾಬರ ಮಗಳು. ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಮೊದಲ ಸಲ ಹಾಯಿದೋಣಿ ಹತ್ತಿದ್ದಳು. ಕ್ಯಾಪ್ಟನ್ ಆಗಿಯೇ ಸಮುದ್ರಕ್ಕಿಳಿಯಬೇಕೆಂಬ ಹಟ ಅಂದಿನಿಂದ ಅವಳನ್ನು ಬಿಟ್ಟಿರಲಿಲ್ಲ. ಚನ್ನೇಶ್ ಶಿಕಾರಿಪುರದ ಮೆಕ್ಕೆಜೋಳದ ವ್ಯಾಪಾರಿ. ಹಿಡಿದದ್ದನ್ನು ಗೆಲ್ಲದೆ ಬಿಡದವನು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕಾರವಾರದ ಕ್ಯಾಪ್ಟನ್ ತರಬೇತಿಗೆ ಶಿಫಾರಸು ಮಾಡುವುದಾಗಿ ನೀಲಾಂಬಿಕ ಹೇಳಿದ ಮೇಲೆ ಹಗೆ ಇನ್ನೂ ಬಲಿಯಿತು.

"ಟೈಲರ್ ಮಗಳು ಹಾಯಿ ಹೊಲ್ಕೊಂಡಿರ್ಲಿ, ಓಡ್ಸೋದು ನಮಗೆ ಬಿಡ್ಲಿ" ಎಂದು ಚನ್ನೇಶ್ ಎಲ್ಲರೆದುರು ನಕ್ಕ.

"ಗಾಳಿ ನಿಮ್ಮ ಮಂಡಿ ಹಮಾಲಿ ಅಲ್ಲ ರೀ, ಕೂಗಿದ ತಕ್ಷಣ ಬರೋಕೆ" ಎಂದಳು ಕೈನಾತ್. ಅಂದು ಸಂಜೆ ಅವಳ ದೋಣಿಯ ಹಗ್ಗಗಳೆಲ್ಲ ಗಂಟುಗಂಟಾಗಿ ಬಿದ್ದಿದ್ದವು. ಯಾರ ಕೆಲಸವೆಂದು ಅವಳು ಕೇಳಲಿಲ್ಲ. ಬಿಚ್ಚುತ್ತಾ ಕೂತಳು, ಒಂದೊಂದು ಗಂಟಿಗೂ ಒಂದೊಂದು ಬೈಗುಳ.

ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು. ಇಬ್ಬರೂ ತಮ್ಮ ತಮ್ಮ ದೋಣಿಗೆ ಕ್ಯಾಪ್ಟನ್. ಕೈನಾತ್‌ಳ ದೋಣಿಯಲ್ಲಿ ಮುಂದಿನ ಹಾಯಿ ನೋಡಿಕೊಳ್ಳಲು ಕೂತವನು ಅರುಣ. ಸೊರಬದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ, ರಜೆಯ ದಿನ ಬಂದು ಕಲಿಯುತ್ತಿದ್ದ.

ನೀರಿನ ನಡುವೆ ಗುರುತಿಗೆಂದು ತೇಲಿಬಿಟ್ಟಿದ್ದ ಕೆಂಪು ಬುರುಡೆಯನ್ನು ಮೊದಲು ಸುತ್ತಿ ಬರಬೇಕಿತ್ತು. ಎರಡೂ ದೋಣಿಗಳು ಎದುರುಬದುರು ದಿಕ್ಕಿನಿಂದ ಅದರತ್ತ ನುಗ್ಗಿದವು. ಕೈನಾತ್‌ಗೆ ಗಾಳಿ ಬಲಗಡೆಯಿಂದ ಬೀಸುತ್ತಿತ್ತು, ಚನ್ನೇಶನಿಗೆ ಎಡಗಡೆಯಿಂದ. ಹಾಗಿದ್ದಾಗ ಎಡಗಡೆ ಗಾಳಿಯವನು ದಾರಿ ಬಿಡಬೇಕು. ಅದು ಮೊದಲ ವಾರವೇ ಕಲಿಸಿದ್ದ ನಿಯಮ.

"ದಾರಿ ನಂದು! ತಿರುಗಿಸ್ರೀ!" ಕೈನಾತ್ ಕೂಗಿದಳು.

ಚನ್ನೇಶ್ ಕೇಳದವನಂತೆ ಬಂದ.

"ಅವನು ತಿರುಗಿಸಲ್ಲ ಕಣೇ, ನೀನಾದ್ರೂ ತಿರುಗ್ಸು!" ಎಂದ ಅರುಣ.

ಕೈನಾತ್‌ಳ ಕೈ ಚುಕ್ಕಾಣಿಯ ಮೇಲೇ ಇತ್ತು. ಒಮ್ಮೆ ಎಳೆದಿದ್ದರೆ ದೋಣಿ ಅವನ ಹಿಂದಿನಿಂದ ದಾಟಿಹೋಗುತ್ತಿತ್ತು. ಅವಳು ಎಳೆಯಲಿಲ್ಲ. ಚನ್ನೇಶನ ಮುಖದಲ್ಲಿ ನಗು ಮಾಯವಾಗಿ ಹೆದರಿಕೆ ಮೂಡುವುದನ್ನು ಕಣ್ಣು ಕೀಳದೆ ನೋಡಿದಳು. ಅದನ್ನೇ ನೋಡಬೇಕಿತ್ತು ಅವಳಿಗೆ.

ದೋಣಿಗಳು ಅಪ್ಪಳಿಸಿದವು. ಎದುರಿನ ದೋಣಿಯನ್ನು ತಳ್ಳಲು ಕೈಚಾಚಿದ್ದ ಅರುಣನ ಬೆರಳುಗಳು ನಡುವೆ ಸಿಕ್ಕಿ ಜಜ್ಜಿಹೋದವು. ಅವನ ಚೀರಾಟ ದಂಡೆಗೂ ಕೇಳಿಸಿತು.

ಅರುಣನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ಕೈನಾತ್ ನೀಲಾಂಬಿಕರ ಎದುರು ನಿಂತಳು. "ನಿಯಮದ ಪ್ರಕಾರ ದಾರಿ ನಂದೇ ಆಗಿತ್ತು ಮೇಡಂ."

"ನಿಂದೇ. ಎದುರಿನವನು ಬಿಡದಿದ್ರೆ ಡಿಕ್ಕಿ ತಪ್ಪಿಸ್ಬೇಕಾದವಳೂ ನೀನೇ. ಅದೂ ನಿಯಮನೇ. ಅರ್ಧ ಮಾತ್ರ ಕಲ್ತಿದ್ಯಾ?"

"ಅವರೇ ಬಂದು—"

"ಅವನ ಲೆಕ್ಕ ಬೇರೆ ಮಾಡ್ತೀನಿ. ದುರ್ಬೀನಲ್ಲಿ ನಿನ್ನ ಕೈ ನೋಡ್ತಿದ್ದೆ. ಹೆದರಿ ಮರಗಟ್ಟಿದ ಕೈ ಅಲ್ಲ ಅದು." ನೀಲಾಂಬಿಕ ಇಬ್ಬರನ್ನೂ ನಪಾಸು ಮಾಡಿದರು. ತಪ್ಪು ಒಪ್ಪದೆ ಕೂಗಾಡಿದ ಚನ್ನೇಶ್ ಮತ್ತೆ ಆ ಕಡೆ ಬರಲಿಲ್ಲ. ಕೈನಾತ್‌ಗೆ ಮಾತ್ರ ಅವರು, "ಅರುಣ ತಾನಾಗಿ ನಿನ್ನ ದೋಣಿ ಹತ್ತೋ ತನಕ ಚುಕ್ಕಾಣಿ ಮುಟ್ಟಬೇಡ" ಎಂದರು.

ಕೈನಾತ್ ಹಲ್ಲು ಕಚ್ಚಿಕೊಂಡೇ ಸೊರಬದ ಬಸ್ಸು ಹತ್ತಿದಳು. ಅರುಣ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದ. ಬ್ಯಾಂಡೇಜಿನ ಕೈಯಲ್ಲಿ ಸಣ್ಣ ಸ್ಕ್ರೂ ಹಿಡಿಯಲಾಗುತ್ತಿರಲಿಲ್ಲ.

"ತಿರುಗಿಸೋಕೆ ಆಗ್ತಿತ್ತಾ?" ಎಂದು ಕೇಳಿದ.

ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಕೈಬಿಟ್ಟಳು. "ಆಗ್ತಿತ್ತು" ಎಂದಳು.

"ಹಂಗಾದ್ರೆ ಎದ್ದು ಹೋಗು."

ಹೋದಳು. ಆದರೆ ಕಲಿಕೆ ಬಿಡಲಿಲ್ಲ. ಆ ಬೇಸಿಗೆಯೆಲ್ಲ ಹೊಸಬರ ದೋಣಿಗಳಲ್ಲಿ ಮುಂದೆ ಕೂತು, ಅವರ ತಪ್ಪು ಅಪ್ಪಣೆಗಳಿಗೆ ಹಗ್ಗ ಎಳೆದಳು. ಒಮ್ಮೆ ಒಬ್ಬ ಕಣ್ಣೆದುರೇ ದೋಣಿಯನ್ನು ಬಂಡೆಯತ್ತ ನಡೆಸಿದಾಗ, ತನ್ನ ಜೀವ ಇನ್ನೊಬ್ಬರ ಕೈಯಲ್ಲಿರುವುದೆಂದರೇನೆಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

ಮುಂಗಾರು ಕಳೆದು ಜಲಾಶಯ ತುಂಬಿದ್ದಾಗ, ಮರುಪರೀಕ್ಷೆಯ ದಿನ, ಅರುಣ ಬಂದ. ಎರಡು ಬೆರಳು ಸೊಟ್ಟಗಾಗಿದ್ದವು. ಅವಳ ದೋಣಿಯನ್ನೇ ಹತ್ತಿ ಮುಂದೆ ಕೂತ.

"ಕ್ಷಮಿಸಿದೆ ಅಂದ್ಕೋಬೇಡ. ನಿನ್ನಿಂದಾಗಿ ನಾನ್ಯಾಕೆ ಕಲಿಯೋದು ಬಿಡ್ಲಿ?"

ಆ ದಿನ ಪರೀಕ್ಷೆ ಮುಗಿಯುವವರೆಗೆ ಅವಳು ಅಪ್ಪಣೆಗಳಷ್ಟನ್ನೇ ಆಡಿದಳು, ಅವನು ಹಗ್ಗವಷ್ಟನ್ನೇ ಎಳೆದ. ನೀಲಾಂಬಿಕ ಅವಳ ಹೆಸರನ್ನು ಕಾರವಾರಕ್ಕೆ ಕಳಿಸಿದರು. ಸುದ್ದಿ ಕೇಳಿ ಉಳಿದವರು ಚಪ್ಪಾಳೆ ತಟ್ಟಿದರು. ಅರುಣ ಮಾತ್ರ ಆಗಲೇ ಬೈಕ್ ಹತ್ತಿ ಸೊರಬದ ದಾರಿ ಹಿಡಿದಿದ್ದ.