ಗವಿಯೊಳಗೆ ಎಷ್ಟು ಮಂದಿ

ತೆಲಂಗಾಣದ ಮಕ್ತಲ್ ಹತ್ತಿರದ ಗುಡ್ಡ ಹತ್ತುವಾಗ ಹರಿತಾಳಿಗೆ ಏದುಸಿರು ಬಂದದ್ದು ಏರಿನಿಂದಲ್ಲ, ಹೆದರಿಕೆಯಿಂದ. ಮೇಲಿನ ಗವಿಯಲ್ಲಿರುವ ಮುದುಕಿ ಬುಚ್ಚಮ್ಮ ಅವಳ ಸ್ವಂತ ದೊಡ್ಡವ್ವ. ಹೆತ್ತವ್ವ ತೀರಿಕೊಂಡ ಮೇಲೆ ಹತ್ತು ವರ್ಷ ತುಂಬುವ ತನಕ ಹರಿತಾ ಬೆಳೆದದ್ದೂ ಅದೇ ಗವಿಯಲ್ಲಿ, ಕುರಿಮರಿಗಳ ಜೊತೆ ಒಂದೇ ಕಂಬಳಿಯಲ್ಲಿ. ನಾರಾಯಣಪೇಟೆಯ ಆಫೀಸಿನವರ ಪಾಲಿಗೆ ಮಾತ್ರ ಅವಳು ಸೀರೆ ನೇಯುವವರ ಮನೆಯ ಮಗಳು! ಆರು ವರ್ಷದಿಂದ ಆ ಸುಳ್ಳನ್ನು ಜೋಪಾನ ಮಾಡಿದ್ದಳು ಪುಣ್ಯಾತಗಿತ್ತಿ. ಗುಡ್ಡದ ಕಡೆ ತಲೆ ಹಾಕಿರಲಿಲ್ಲ.

ಇವತ್ತು ಮನೆಯಿಲ್ಲದವರ ಸರ್ವೆ. ಜೊತೆಗಿದ್ದ ಆಫೀಸಿನ ಶೇಖರ್ ವರಂಗಲ್ ಕಡೆಯವನು, ಕನ್ನಡ ಬಾರದು. ಮುದುಕಿಗೆ ತೆಲುಗು ಬರುವುದಿಲ್ಲ, ನಾನೇ ಕೇಳಿ ಹೇಳುತ್ತೇನೆ ಎಂದು ಹರಿತಾ ದಾರಿಯಲ್ಲೇ ಹೇಳಿಟ್ಟಿದ್ದಳು. ದೊಡ್ಡವ್ವನ ಬಾಯಲ್ಲಿ ಒಂದು ತೆಲುಗು ಮಾತನ್ನೂ ಅವಳು ಕೇಳಿರಲಿಲ್ಲ.

ಹಣೆತುಂಬ ಭಂಡಾರದ ಅರಿಶಿನ ಹಚ್ಚಿಕೊಂಡಿದ್ದ ಬುಚ್ಚಮ್ಮ ಗವಿಯಿಂದ ಹೊರಬಂದಳು. ಮುಖ ಅರಳಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಹರಿತಾ ಕೇಳಿಬಿಟ್ಟಳು.

"ನಿಮ್ಮ ಹೆಸರೇನ್ರಿ?"

ಮುದುಕಿ ಇವಳ ಮುಖ ನೋಡಿದಳು, ಅವನ ಮುಖ ನೋಡಿದಳು.

"ಬುಚ್ಚಮ್ಮ ರೀ."

"ಇಲ್ಲಿ ಎಷ್ಟು ಮಂದಿ ಅದೀರಿ?"

"ಈಗ ನಾ ಒಬ್ಬಾಕೀನೇ ಅದೀನ್ರಿ. ಮದ್ಲ ನನ್ನ ತಂಗಿ ಮಗಳಿದ್ಳು. ಓದಾಕ ಅಂತ ನಾನೇ ಹಾಸ್ಟೆಲ್ಲಿಗೆ ಬಿಟ್ಟು ಬಂದೆ. ಭಾಳ ಶಾಣ್ಯಾಕಿ ರೀ ಅಕಿ. ಹಬ್ಬಕ್ಕರೆ ಬಂದಾಳು ಅಂತ ದಾರಿ ನೋಡ್ತೀನ್ರಿ."

"ಏನಂತೆ?" ಎಂದು ಶೇಖರ್ ತೆಲುಗಿನಲ್ಲಿ ಕೇಳಿದ.

"ಹಿಂದೆ ಮುಂದೆ ಯಾರೂ ಇಲ್ಲವಂತೆ," ಎಂದಳು ಹರಿತಾ, ತೆಲುಗಿನಲ್ಲೇ.

ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ ಎಂದು ಅವನು ಹುಬ್ಬೇರಿಸಿದ. ಆಗ ಬುಚ್ಚಮ್ಮ ಅವನ ಕಡೆ ತಿರುಗಿದಳು. ಮಕ್ತಲ್ ಸಂತೆಯಲ್ಲಿ ಕುರಿ ಮಾರಿ ಮಾರಿ ಕಲಿತ ಭಾಷೆ ಸಲೀಸಾಗಿ ಬಂತು.

"ಅವುನು ಸಾರು. ನಾಕೆವ್ವರು ಲೇರು."

ಹೌದು, ನನಗೆ ಯಾರೂ ಇಲ್ಲ.

ಹರಿತಾಳ ಕಿವಿ ಬಿಸಿಯಾದವು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮುದುಕಿಗೆ ಎಲ್ಲ ತಿಳಿದಿತ್ತು, ತಿಳಿದೂ ಈ ಸುಳ್ಳಿಗೆ ಹೆಗಲು ಕೊಟ್ಟಿದ್ದಳು. ಈಗಲಾದರೂ "ದೊಡ್ಡವ್ವಾ" ಎನ್ನಬಹುದಿತ್ತು. ಶೇಖರ್ 'ಒಬ್ಬರು' ಎಂದು ಬರೆದುಕೊಂಡ. ಬುಚ್ಚಮ್ಮ ಹೆಬ್ಬೆಟ್ಟು ಒತ್ತಿದಳು.

ಇಬ್ಬರೂ ಇಳಿಯತೊಡಗಿದಾಗ ಹಿಂದಿನಿಂದ ದನಿ ಬಂತು.

"ಸಂಭಾಳಿಸಿ ಇಳೀರಿ ಮೇಡಂ, ಕಲ್ಲು ಜಾರ್ತಾವ."

ಎತ್ತಿ ಆಡಿಸಿ, ಬೈದು, ಮುದ್ದು ಮಾಡಿ, "ಲೇ ಹುಡುಗಿ" ಎಂದೇ ಕರೆದ ಬಾಯಿ ಅದು. ಅದಕ್ಕೆ 'ಮೇಡಂ' ಕಲಿಸಿದವಳು ತಲೆ ಎತ್ತದೆ ಗುಡ್ಡ ಇಳಿದಳು.