ಮಂಜಯ್ಯನ ದೋಣಿಗಾಡಿ

ಹೆಮ್ಮಾಡಿ ಬಸ್‌ಸ್ಟ್ಯಾಂಡಿನ ಎದುರು ಮೀನಿನ ಹೆಂಗಸರ ಬುಟ್ಟಿಗಳಿಗೆ ಜನ ಮುಗಿಬಿದ್ದಿದ್ದ ಹೊತ್ತಿನಲ್ಲೇ ಮಂಜಯ್ಯನ ದೋಣಿಗಾಡಿಯ ಎಡಚಕ್ರ ಕಳಚಿತು. ಟ್ರ್ಯಾಕ್ಟರು ಎಳೆಯುತ್ತಿದ್ದ ಗಾಡಿ ಒಂದು ಮಗ್ಗುಲಿಗೆ ಕುಸಿದು, ಮೇಲಿದ್ದ ಫೈಬರ್ ದೋಣಿ ಡಾಮರಿಗೆ ಒರಗಿತು. ಚಕ್ರ ಮಾತ್ರ ನಿಲ್ಲದೆ ಉರುಳಿ, ಬೂತಾಯಿ ಮೀನು ಎಣಿಸಿ ಕೊಡುತ್ತಿದ್ದ ಸೀತುವಿನ ಕಾಲಿಗೆ ಬಡಿಯಿತು.

ಹಿಂದೆ ಬೈಕಿನಲ್ಲಿ ಬರುತ್ತಿದ್ದ ಮಂಜಯ್ಯ ಇಳಿದು ಓಡಿದ್ದು ಸೀತುವಿನ ಕಡೆಗಲ್ಲ, ಟ್ರ್ಯಾಕ್ಟರಿನ ಕಡೆಗೆ. ಚಾಲಕ ಸೂರನ ಅಂಗಿ ಹಿಡಿದು ಕೆಳಗೆಳೆದು ಕೆನ್ನೆಗೆ ಬಾರಿಸಿದ.

“ಕಣ್ಣ್ ಎಲ್ಲ್ ಇಟ್ಕಂಡಿದ್ಯಾ? ಕುಡ್ದ್ ಬಂದಿದ್ಯಾ?”

ಸೂರ ಹನಿಯೂ ಮುಟ್ಟದವನೆಂದು ಮಂಜಯ್ಯನಿಗೆ ಗೊತ್ತಿತ್ತು. ಸಿಟ್ಟಿಗೆ ಅದು ಬೇಕಿರಲಿಲ್ಲ. ಸೂರ ಟ್ರ್ಯಾಕ್ಟರಿನ ಕೀ ತೆಗೆದು ಅವನ ಕೈಗಿಟ್ಟ. ಆಮೇಲೆ ಸೀತುವನ್ನು ಎತ್ತಿ ರಿಕ್ಷಾದಲ್ಲಿ ಕೂರಿಸಿಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದ.

ಹತ್ತಿರದಲ್ಲೇ ಗ್ಯಾರೇಜಿಟ್ಟಿದ್ದ ಚಂದು ಜಾಕ್ ಹಿಡಿದು ಬಂದ.

“ಗುಂಡಿಗೆ ಹಾಕಿರ್ತ ಅಂವ. ಕಂಡ್ ಹೇಳ್,” ಮಂಜಯ್ಯ ಗುಡುಗಿದ.

ಚಂದು ಕಳಚಿದ ಚಕ್ರವನ್ನು ಮಗುಚಿದ. ಚಕ್ರದ ನಡುವಿನ ಹಬ್ಬಿನೊಳಗೆ ಗ್ರೀಸಿನ ಬದಲು ತುಕ್ಕಿನ ಕೆಸರಿತ್ತು. ಬೇರಿಂಗ್ ಪುಡಿಯಾಗಿತ್ತು. ಆಕ್ಸಲಿನ ತುದಿ ಸುಟ್ಟು ನೀಲಿಗಟ್ಟಿತ್ತು. ಆಮೇಲೆ ಬಲಬದಿಗೆ ಜಾಕ್ ಕೊಟ್ಟು, ಆ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ. ಅದೂ ಲಟಲಟ ಎಂದಿತು. ತಿರುಗಿಸಿದರೆ ಒಳಗೆ ಕಲ್ಲು ಅರೆದಂತೆ ಸದ್ದು.

“ಇದ್ ಇವತ್ತಿನ ರೋಗ ಅಲ್ಲ ಮಂಜಯ್ಯ. ಓಡಿ ಬಿಸಿಯಾದ ಹಬ್ಬನ್ನ ಸೀದಾ ಸಮುದ್ರಕ್ಕೆ ಇಳ್ಸ್ತ್ರಿ. ತಣಿಯುವಾಗ ಅದ್ ಉಪ್ಪು ನೀರನ್ನ ಒಳ್ಗೆ ಎಳ್ಕಣತ್ತ್. ಸೀಲ್ ಹರ್ದ್ ಗ್ರೀಸೆಲ್ಲ ಹೊರ್ಗೆ ಬಂದಿತ್ತ್. ಕಾಣಿ, ಟಯರಿನ ಒಳಬದಿಗೆ ಪೂರ ಇಳ್ದ್ ಒಣಗಿ ಹೆಪ್ಪುಗಟ್ಟಿತ್ತ್. ಗಾಡಿ ಹಿಂದೆ ನಡೆದವ್ರಿಗೆಲ್ಲ ಕಂಡಿರ್ಕ್.”

“ಕಂಡವ್ರ್ ಹೇಳ್ಕಲ್ದಾ?”

ದೋಣಿಗೆ ಹೆಗಲು ಕೊಡುತ್ತಿದ್ದ ಅವನ ನಾಲ್ಕು ಆಳುಗಳು ಅಲ್ಲೇ ಇದ್ದರು. ಕೊನೆಗೆ ಅವರಲ್ಲೊಬ್ಬ, ಶೀನ, ಬಾಯಿಬಿಟ್ಟ. “ಸೂರ ಎರಡ್ ಸಲ ಹೇಳ್ದ. ಚಕ್ರ ಓಲಾಡತ್ತ್ ಅಂದ. ‘ನೀನ್ ಮೆಕ್ಯಾನಿಕ್ಕಾ, ಡ್ರೈವರಾ’ ಅಂತ ಕೇಂಡ್ರಿ ನೀವ್. ಎಲ್ಲರ ಎದ್ರ್.”

ಮಂಜಯ್ಯನ ಕೈ ಮತ್ತೆ ಮೇಲೆದ್ದಿತು. ಶೀನ ಒಂದು ಹೆಜ್ಜೆ ಹಿಂದೆ ಸರಿದ. ಅವನೊಬ್ಬನೇ ಅಲ್ಲ, ನಾಲ್ವರೂ ಸರಿದರು.

ಮನೆಗೆ ಬಂದವನು ಚಪ್ಪಲಿ ಒದ್ದು ಒಳಗೆ ಹೋದ. ಹೆಂಡತಿ ಉಮಾವತಿ ಮೀನು ಹೆಚ್ಚುತ್ತಿದ್ದಳು.

“ಅಂಗಳದಗೆ ಗಾಡಿ ನಿಂತಿತ್ತಲ. ಟಯರಿಗೆ ಗ್ರೀಸ್ ಇಳ್ದದ್ದ್ ನೀ ಕಂಡಿದ್ಯಾ?”

“ಕಂಡಿದ್ದೆ.”

“ಮತ್ತೆಂತಕ್ ಹೇಳ್ಲಿಲ್ಲ?” ಅವನ ದನಿ ಮಾಡಿನ ಹಂಚಿಗೆ ತಾಗಿತು.

ಉಮಾವತಿಯ ಕತ್ತಿ ಜಾರಿ ಬೆರಳಿಗೆ ತಾಗಿತು. ರಕ್ತ ಬಂದರೂ ಅವಳು ತಲೆಯೆತ್ತಲಿಲ್ಲ. ಪಕ್ಕದ ಕೋಣೆಯಲ್ಲಿ ಮಗಳು ಸದ್ದಾಗದಂತೆ ಬಾಗಿಲು ಹಾಕಿಕೊಂಡಳು. ಮದುವೆಯಾಗಿ ಹದಿನೆಂಟು ವರ್ಷ ತಾನು ಈ ಹೆದರಿಕೆಯನ್ನೇ ಮರ್ಯಾದೆ ಎಂದುಕೊಂಡಿದ್ದೆನಲ್ಲ ಎಂದು ಮಂಜಯ್ಯನಿಗೆ ಅನಿಸಿತು. ಬಟ್ಟೆ ಹುಡುಕಿ ತಂದು ಅವಳ ಬೆರಳಿಗೆ ಸುತ್ತಲು ಹೋದ. ಅವಳು ಕೈ ಹಿಂದಕ್ಕೆಳೆದುಕೊಂಡು, ತಾನೇ ಸುತ್ತಿಕೊಂಡಳು.

ಮರುದಿನ ಆಸ್ಪತ್ರೆಗೆ ಹೋಗಿ ಸೀತುವನ್ನು ಕಂಡು, ಅಲ್ಲಿಂದ ಸೂರನ ಮನೆಗೆ ಹೋದ. ಸೂರ ಒಳಗೆ ಕರೆಯಲಿಲ್ಲ.

“ತಪ್ಪಾಯ್ತ್ ಸೂರ,” ಎಂದ ಮಂಜಯ್ಯ, ದನಿ ತಗ್ಗಿಸಿ.

ಸೂರನ ಕಣ್ಣು ಕೆಂಪಾಯಿತು. “ಹೊಡ್ದದ್ದ್ ಬಸ್‌ಸ್ಟ್ಯಾಂಡ್ ಎದ್ರ್, ತಪ್ಪಾಯ್ತ್ ಅಂಬುದ್ ನನ್ನ ಅಂಗಳದಗಾ? ನಿಮ್ಮಿಂದ ನನ್ನ ಕಂಡವ್ರೆಲ್ಲ ಕುಡ್ದಿದ್ನಾ ಅಂತ ಮೂಸಿ ಕಾಂತ್ರ್. ನನ್ನ ಮಕ್ಳ್ ಶಾಲೆಗೆ ಹೋಪುದ್ ಅದೇ ದಾರ್ಯಗೆ.”

ಮಂಜಯ್ಯ ಬಾಯಿಗೆ ಬಂದದ್ದನ್ನು ನುಂಗಿದ. “ಹತ್ತ್ ಗಂಟೆಗೆ ಬಸ್‌ಸ್ಟ್ಯಾಂಡಿಗೆ ಬಾ,” ಎಂದಷ್ಟೇ ಹೇಳಿ ಹೊರಟ.

ಹತ್ತು ಗಂಟೆಗೆ ಹೆಮ್ಮಾಡಿಯಲ್ಲಿ ಅದೇ ಜನ, ಅದೇ ಗದ್ದಲ. ಸೀತು ಕೂರುವ ಜಾಗ ಮಾತ್ರ ಖಾಲಿಯಿತ್ತು. ಚಂದು ಹೊಸ ಆಕ್ಸಲ್ ಜೋಡಿಸುತ್ತಿದ್ದ. ಸೂರ ಬಂದು ಟ್ರ್ಯಾಕ್ಟರಿನ ಪಕ್ಕ ನಿಂತಿದ್ದ. ಮಂಜಯ್ಯ ರಸ್ತೆಯಂಚಿಗೆ ನಿಂತು, ಸಿಟ್ಟಿನಲ್ಲಿ ಕೂಗುವಷ್ಟೇ ಗಟ್ಟಿಯಾಗಿ ಕೂಗಿದ. “ಹ್ವಾಯ್, ಎಲ್ರೂ ಕೇಣಿ! ಸೂರ ಕುಡ್ದಿರ್ಲಿಲ್ಲ. ಚಕ್ರ ಹಾಳಾಯ್ತ್ ಅಂತ ಅಂವ ಎರಡ್ ಸಲ ಹೇಳಿದ್ದ. ಕೇಣದೆ ಇದ್ದವ ನಾನ್. ಸೀತಕ್ಕನ ಕಾಲ್ ಮುರ್ದದ್ದೂ ನಾನೇ.”

ಗದ್ದಲ ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಮಂಜಯ್ಯನ ಕಿವಿ ಬಿಸಿಯಾಯಿತು.

ಸೂರ ನಗಲಿಲ್ಲ. ಮಂಜಯ್ಯನ ಕೈಯಲ್ಲಿದ್ದ ಟ್ರ್ಯಾಕ್ಟರಿನ ಕೀಗೆ ಕೈಚಾಚಿ, ಅಷ್ಟೇ ಗಟ್ಟಿಯಾಗಿ ಹೇಳಿದ. “ಇನ್ನ್ ಹಬ್ಬ್ ತಣಿಯದೆ ನಾನ್ ಗಾಡಿಯನ್ನ ನೀರಿಗೆ ಇಳ್ಸುದಿಲ್ಲೆ. ನೀವ್ ಎಷ್ಟ್ ಕೂಗಿರೂ ಇಳ್ಸುದಿಲ್ಲೆ.”

ಎಲ್ಲರೂ ಮಂಜಯ್ಯನ ಮುಖ ನೋಡಿದರು. ಅವನು ಕೀಯನ್ನು ಮುಷ್ಟಿಯೊಳಗೆ ಒಂದು ಗಳಿಗೆ ಅದುಮಿ ಹಿಡಿದು, ಆಮೇಲೆ ಸೂರನ ಅಂಗೈಗಿಟ್ಟ.

“ಇಳ್ಸ್‌ಬೇಡ.”