ನಂದಿಗುಂಡಿ ಅಪ್ಪೆಯ ವಿಳಾಸ

ಸುಪ್ರಿಯಾಗೆ ಸಿಟ್ಟು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತದೆ, ಮರುಕ್ಷಣ ಮಾತು ಶುರುವಾಗುತ್ತದೆ. ಹೊಸನಗರದ ಅವಳ ನರ್ಸರಿಗೆ ಸಸಿ ಕೊಳ್ಳಲು ಬಂದು ಚೌಕಾಸಿ ಮಾಡಿದವರಿಗೆಲ್ಲ ಇದು ಚೆನ್ನಾಗಿ ಗೊತ್ತು. ಆದರೆ ಆವತ್ತು ಬೆಳಿಗ್ಗೆ ನಂದಿಗುಂಡಿಯ ಹೊಳೆದಂಡೆಯ ಮೇಲೆ ನಿಂತಾಗ ಅವಳ ಬಾಯೇ ಕಟ್ಟಿಹೋಯಿತು. ಅಲ್ಲಿದ್ದ ಅಪ್ಪೆಮಾವಿನ ಮರ ಬುಡಸಮೇತ ಹೊಳೆಯ ಗುಂಡಿಗೆ ಬಿದ್ದಿತ್ತು. ಬೇರುಗಳೆಲ್ಲ ಮೇಲೆ, ತಲೆಯೆಲ್ಲ ನೀರೊಳಗೆ.

ಅವಳಿಗೆ ಮಿಡಿ ಕೊಯ್ದು ಕೊಡುವ ಹೂವಯ್ಯ ಜೊತೆಗೆ ಬಂದಿದ್ದ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಸಾವಿನ ಮನೆಯಲ್ಲೂ ಅವನು ಹೀಗೇ ನಿಲ್ಲುವುದು.

"ದಂಡೆ ಕಡೆ ಹರೆಕೊಂಬೆ ಮೊದ್ಲು ಕಡ್ದಿದಾರೆ ನೋಡಿ ಅಕ್ಕ," ಅಂದ. "ಕೈಗೆ ಸಿಗೋದು ಅದೇ ಅಲ್ವಾ. ಹೊಳೆ ಕಡೆ ಭಾರ ಹಂಗೇ ಉಳೀತು. ಮರ ಎಷ್ಟು ಅಂತ ತಡ್ಕೊಳ್ಳುತ್ತೆ? ಮಣ್ಣೂ ಸೇರಿ ಮಗುಚ್ಕಂಡಿದೆ."

"ಮಿಡಿ ಕೊಯ್ಯೋಕೆ ಮರ ಕಡೀತಾರಾ ಮಾರಾಯ?"

"ಹತ್ತಿ ಕೊಯ್ದ್ರೆ ಇಡೀ ದಿನ ಬೇಕು. ಮಿಷನ್ ಗರಗಸ ಇಟ್ರೆ ಕ್ಷಣದಲ್ಲಿ ಆಯ್ತು. ಹರೆ ನೆಲಕ್ಕೆ ಬಂದ್ಮೇಲೆ ಬೀಡಿ ಸೇದ್ತಾ ಕೂತು ಆರಿಸ್ಬೋದು."

ಆರಿಸಿದ್ದರು ಕೂಡ. ದಂಡೆಯ ತುಂಬ ಬರಿ ಹರೆ, ಬಾಡಿದ ಎಲೆ, ಬೀಡಿ ತುಂಡು. ತೊಟ್ಟು ಮುರಿದ ಕೆಲವು ಮಿಡಿಗಳನ್ನು ಬೇಡವೆಂದು ಎಸೆದು ಹೋಗಿದ್ದರು. ಸುಪ್ರಿಯಾ ಒಂದನ್ನು ಎತ್ತಿ ಉಗುರಿನಿಂದ ಗೀರಿ ಮೂಗಿಗೆ ಹಿಡಿದಳು. ಈಗಷ್ಟೇ ಹುರಿದ ಜೀರಿಗೆಯ ಪರಿಮಳ. ಆಗ ಅವಳಿಗೆ ಅಳು ಬಂತು.

ಅಪ್ಪೆಮಿಡಿ ಅಂದರೆ ಬರೀ ಮಾವಿನಕಾಯಿ ಅಂದುಕೊಂಡವರು ಇದ್ದಾರೆ, ಅವರಿಗೆ ಹೇಳಬೇಕು. ಉಪ್ಪಿನಕಾಯಿಗೆಂದೇ ಹುಟ್ಟಿದ ಕಾಡುಮಾವು ಅದು. ಹೊಳೆಯ ಪಕ್ಕ ತಾನಾಗಿ ಹುಟ್ಟುತ್ತದೆ, ಯಾರ ಹಂಗೂ ಇಲ್ಲದೆ ಬೆಳೆಯುತ್ತದೆ. ಒಂದು ಮರದ ಹಾಗೆ ಇನ್ನೊಂದಿಲ್ಲ. ಒಂದರ ಸೊನೆಗೆ ಕರ್ಪೂರದ ವಾಸನೆ, ಇನ್ನೊಂದಕ್ಕೆ ಜೀರಿಗೆಯದು. ಗೊರಟೆಯಿಂದ ಹುಟ್ಟಿದ ಗಿಡ ತಾಯಿಯ ಹಾಗೇ ಆಗುತ್ತದೆಂದು ನಂಬುವ ಹಾಗಿಲ್ಲ. ಅದೇ ಮರದ ಕಡ್ಡಿ ತಂದು ಕಸಿ ಕಟ್ಟಿದರೆ ಮಾತ್ರ ಅದೇ ತಳಿ. ಮರ ಹೋಯಿತೆಂದರೆ ಆ ರುಚಿ ಭೂಮಿಯ ಮೇಲಿಂದಲೇ ಹೋಯಿತು. ಅದಕ್ಕೇ ನಮ್ಮ ಕಡೆ ಒಂದೊಂದು ಮರಕ್ಕೂ ಒಂದೊಂದು ಹೆಸರು. ಮರ ಎಲ್ಲಿ ನಿಂತಿದೆಯೋ ಆ ಜಾಗದ್ದೇ ಹೆಸರು: ಇಂಥ ಊರಿನ ಅಪ್ಪೆ, ಇಂಥವರ ಹಿತ್ತಲ ಅಪ್ಪೆ. ಹಿಂದಿನವರಿಗೆ ಅದರಿಂದ ತೊಂದರೆ ಆಗಲಿಲ್ಲ. ಹೆಸರು ಕೇಳಿ ಬಂದವರು ತಮಗೆ ಬೇಕಾದಷ್ಟು ಕೊಯ್ದು, ಉಳಿದದ್ದನ್ನು ಮರದಲ್ಲೇ ಬಿಟ್ಟು ಹೋಗುತ್ತಿದ್ದರು. ಈಗಿನವರಿಗೆ ಹೆಸರು ಹೇಳುವುದೂ ಒಂದೇ, ಬಾಗಿಲ ಬೀಗದ ಕೈ ಕೊಡುವುದೂ ಒಂದೇ.

ಅಜ್ಜಿ ಶೇಷಮ್ಮ ಬಾಯಿ ಚಪ್ಪರಿಸಿಕೊಂಡು ಹೇಳುತ್ತಿದ್ದ ಮರಗಳನ್ನೆಲ್ಲ ಹುಡುಕುತ್ತ ಸುಪ್ರಿಯಾ ಶರಾವತಿಯ ದಂಡೆ ಅಲೆದಿದ್ದಳು. ಕೆಲವು ಹಿನ್ನೀರಿನೊಳಗೆ ಹೋಗಿದ್ದವು, ಕೆಲವು ರಸ್ತೆಯಡಿ. ಕೆಲವನ್ನು ಮಿಡಿ ವ್ಯಾಪಾರಿಗಳೇ ಹರೆ ಕಡಿದು ಕಡಿದು ಬೋಳು ಮಾಡಿ ಸಾಯಿಸಿದ್ದರು. ಜೀರಿಗೆ ಪರಿಮಳದ್ದು ಅಂತ ಅವಳಿಗೆ ಸಿಕ್ಕಿದ್ದು ಇದೊಂದೇ, ನಂದಿಗುಂಡಿಯ ಮೇಲೆ ಬಾಗಿ ನಿಂತದ್ದು. ಅಜ್ಜಿ ಇದ್ದಿದ್ದರೆ ಕುಣಿದುಬಿಡುತ್ತಿದ್ದಳು. ಹೋದ ಮಳೆಗಾಲ ಅದರ ಕಡ್ಡಿ ತಂದು ಕಟ್ಟಿದ ಕಸಿಯೆಲ್ಲ ಜಡಿಮಳೆಗೆ ಕೊಳೆತುಹೋಗಿತ್ತು. ಈ ಜೂನ್‌ನಲ್ಲಿ ಮತ್ತೆ ಕಟ್ಟುವುದು ಅಂತ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಜಾಗ ಗೊತ್ತಿದ್ದದ್ದು ಅವಳಿಗೆ ಮತ್ತು ಹೂವಯ್ಯನಿಗೆ. ಗಂಡ ಗಣೇಶನಿಗೂ ಹೇಳಿರಲಿಲ್ಲ, ಅವನ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲವೆಂದು.

ಹಾಗಿದ್ದರೆ ಜಾಗ ಹೊರಗೆ ಹೋದದ್ದು ಯಾರ ಬಾಯಿಂದ? ಅವಳದೇ.

ಫೆಬ್ರವರಿಯಲ್ಲಿ ಸಾಗರದಲ್ಲಿ ಅಪ್ಪೆ ತಳಿ ಸಂರಕ್ಷಣಾ ಸಮಿತಿಯವರ ಮೇಳ ಇತ್ತು. ಮನೆಯಲ್ಲಿ ಹಾಕಿಟ್ಟ ಹಳೇ ಉಪ್ಪಿನಕಾಯಿ ತಂದಿಡಬೇಕು, ಮೊದಲ ಬಹುಮಾನ ಬಂದದ್ದರ ಮೂಲ ಮರಕ್ಕೆ ಸಮಿತಿಯೇ ಬೇಲಿ ಹಾಕಿಸುತ್ತದೆ, ಮಿಡಿ ಕಾಲದಲ್ಲಿ ಕಾವಲು ಇಡುತ್ತದೆ, ಕಸಿ ಕಟ್ಟಲು ತಜ್ಞರನ್ನು ಕರೆಸುತ್ತದೆ. ಈ ಮಾತು ಕೇಳಿಯೇ ಅವಳು ಜಾಡಿ ಹೊತ್ತುಕೊಂಡು ಹೋದದ್ದು, ಹಾರ ತುರಾಯಿ ಆಸೆಗಲ್ಲ. ಬಹುಮಾನ ಬಂತು. ಅಧ್ಯಕ್ಷ ನಾರಾಯಣಮೂರ್ತಿ, ನಿವೃತ್ತ ಪ್ರಿನ್ಸಿಪಾಲರು, ತೀರ್ಥಹಳ್ಳಿ ಕಡೆಯಿಂದ ಬಂದು ಸಾಗರದಲ್ಲಿ ಮನೆ ಕಟ್ಟಿದವರು, ಮೈಕು ಅವಳ ಬಾಯಿಗೆ ಹಿಡಿದರು.

"ಇದು ಎಲ್ಲಿಯ ಅಪ್ಪೆ ಅಂತ ಹೇಳಮ್ಮ."

"ಆಮೇಲೆ ಹೇಳ್ತೀನಿ ಸಾರ್. ನಿಮಗೊಬ್ಬರಿಗೇ."

"ಅಯ್ಯೋ, ಅಪ್ಪೆಗೆ ಎಂಥ ಗುಟ್ಟು! ಹೆಸರಿಲ್ಲದ್ದಕ್ಕೆ ಬಹುಮಾನ ಕೊಡೋದು ಹೇಗೆ? ಇಲ್ಲಿರೋರೆಲ್ಲ ನಮ್ಮೋರೇ."

ಸಭೆ ನಕ್ಕಿತು. ಅಷ್ಟು ಜನ ತನ್ನ ಮುಖವನ್ನೇ ನೋಡುತ್ತಿರುವಾಗ ಅವಳಿಗೆ ನಾಚಿಕೆಯಾಯಿತು, ಒಂದು ಬೇಲಿಯ ಆಸೆಯೂ ಇತ್ತು. "ನಂದಿಗುಂಡಿ ಅಪ್ಪೆ," ಅಂದುಬಿಟ್ಟಳು. ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಮಿಡಿ ವ್ಯಾಪಾರಿ ದುರ್ಗೇಶ್.

ಆಮೇಲೆ ಬೇಲಿ ಬಂತಾ? ಫೋನ್ ಮಾಡಿದಾಗಲೆಲ್ಲ ಮುಂದಿನ ಮೀಟಿಂಗು, ಮುಂದಿನ ಮೀಟಿಂಗು. ಬೇಲಿಗಿಂತ ಮೊದಲು ಗರಗಸ ಬಂತು.

ಹೊಳೆದಂಡೆಯಲ್ಲಿ ಅಳುತ್ತ ಕೂರಲು ಅವಳಿಗೆ ಪುರುಸೊತ್ತಿರಲಿಲ್ಲ. ನೀರೊಳಗಿದ್ದ ತುದಿಗಳಲ್ಲಿ ಇನ್ನೂ ಜೀವ ಇದ್ದೀತೆಂದು ಹೂವಯ್ಯ ಗುಂಡಿಗಿಳಿದು ಕಡ್ಡಿ ಮುರಿದು ಕೊಟ್ಟ, ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಮಾರ್ಚ್ ತಿಂಗಳ ಬಿಸಿಲು ಕಸಿಗೆ ಕಾಲವೇ ಅಲ್ಲ. ಆದರೂ ಮನೆಗೆ ಹೋದವಳೇ ಊಟ ಬಿಟ್ಟು ಕುಳಿತು ನರ್ಸರಿಯಲ್ಲಿದ್ದ ಕಾಟುಮಾವಿನ ಸಸಿಗಳಿಗೆಲ್ಲ ಕಟ್ಟಿದಳು.

ಮರುದಿನ ದೂರು ಕೊಡಲು ಹೋದಳು. ಒಂದು ಆಫೀಸಿನವರು ಹೊಳೆದಂಡೆ ನಮಗೆ ಬರಲ್ಲ ಅಂದರು. ಇನ್ನೊಂದು ಆಫೀಸಿನವರು ಜಾಗ ನಮ್ಮದು, ಮರ ನಮ್ಮದಲ್ಲ ಅಂದರು. "ಮಾವಿನ ಮರ ತಾನೇ ಮೇಡಂ, ಗಂಧದ್ದಲ್ಲವಲ್ಲ," ಅಂತ ಒಬ್ಬ ನಕ್ಕೇಬಿಟ್ಟ. ಥೂ! ಇವರ ಬಾಯಿಗೆ ಆ ಹೊಳೆದಂಡೆಯ ಮಣ್ಣು ಬೀಳಲಿ ಅಂತ ಶಪಿಸಿ ಅವಳು ಸೀದಾ ಸಾಗರದ ಬಸ್ ಹತ್ತಿದಳು, ಕೊಟ್ಟ ಮಾತು ನೆನಪಿಸಿ ಸಮಿತಿಯಿಂದಲಾದರೂ ಒಂದು ದೂರು ಬರೆಸೋಣವೆಂದು.

ನಾರಾಯಣಮೂರ್ತಿಯವರ ಮನೆಯ ಗೇಟು ತೆಗೆಯುತ್ತಿದ್ದ ಹಾಗೇ ಅವಳ ಕಾಲು ನಿಂತಿತು. ಜೀರಿಗೆ ಪರಿಮಳ.

ಜಗುಲಿಯ ಮೇಲೆ ಹಳೇ ಸೀರೆ ಹಾಸಿ ಮಿಡಿ ಹರವಿತ್ತು. ಅವರ ಹೆಂಡತಿ ಭಾಗೀರಥಮ್ಮ ಒಂದೊಂದನ್ನೇ ಒರೆಸಿ ಭರಣಿಗೆ ಹಾಕುತ್ತಿದ್ದರು, ಪಕ್ಕದಲ್ಲಿ ಕಲ್ಲುಪ್ಪು.

"ಬಾಮ್ಮ ಬಾ," ನಾರಾಯಣಮೂರ್ತಿ ಕುರ್ಚಿಯಿಂದ ಎದ್ದರು. "ವಿಷಯ ಕೇಳಿ ತುಂಬಾ ಬೇಜಾರಾಯ್ತು. ಬೇಲಿ ವಿಷಯ ಮುಂದಿನ ಮೀಟಿಂಗಿಗೆ ಇಟ್ಟೇ ಇದ್ವಿ. ಅಷ್ಟರಲ್ಲಿ ಹೀಗಾಯ್ತು ನೋಡು. ಮರದ ಫೋಟೋ ಇದ್ರೆ ಕೊಡು, ಸ್ಮರಣ ಸಂಚಿಕೆಗೆ ಹಾಕೋಣ."

"ಈ ಮಿಡಿ ಎಲ್ಲಿಂದ ಬಂತು ಸಾರ್?"

ಅವರಿಗೆ ಮುಜುಗರವಾದ ಹಾಗೇನೂ ಕಾಣಲಿಲ್ಲ. "ದುರ್ಗೇಶ್ ತಂದುಕೊಟ್ಟ. ಹೇಗೂ ಕೊಯ್ದಾಗಿತ್ತಲ್ಲ. ನಾವು ತಗೊಳ್ಳದಿದ್ರೆ ಪೇಟೆ ಪಾಲಾಗ್ತಿತ್ತು. ತಳಿ ನಮ್ಮಲ್ಲೇ ಉಳೀಲಿ ಅಂತ."

ಸುಪ್ರಿಯಾಳ ಮೂಗಿನ ತುದಿ ಈಗ ಕೆಂಪಾಯಿತು.

"ತಳಿ ಉಳಿಯೋದು ಭರಣಿ ಒಳಗಾ ಸಾರ್? ಇದಕ್ಕೆ ಇನ್ನೂ ಗೊರಟೇನೇ ಕಟ್ಟಿಲ್ಲ. ಉಪ್ಪಿಗೆ ಹಾಕಿದ ಮಿಡಿಯಿಂದ ಮರ ಹುಟ್ಟಿಸೋ ವಿದ್ಯೆ ನಿಮ್ಮ ಕಾಲೇಜಲ್ಲಿ ಕಲಿಸ್ತಿದ್ರಾ? ಗುಟ್ಟು ಬೇಡ, ಎಲ್ಲರೂ ನಮ್ಮೋರೇ ಅಂದ್ರಿ. ನಂಬಿ ಹೇಳಿದೆ. ನಿಮ್ಮೋರು ಬಂದು ಕಡ್ದ್ರು, ನೀವು ತಗೊಂಡು ಉಪ್ಪು ಹಾಕ್ತಿದೀರಿ. ಮಗೂನ ಕೊಂದು ಜೋಜೋ ಹಾಡಿದ ಹಾಗಾಯ್ತು ಇದು. ನಾಚಿಕೆ ಆಗಲ್ವಾ ನಿಮಗೆ?"

"ಮಾತು ನೋಡ್ಕೊಂಡು ಆಡಮ್ಮ. ನಾನೇನು ಕಡಿಯೋಕೆ ಹೇಳಿದ್ನಾ?"

"ಕಡಿಬೇಡ ಅಂತ ಹೇಳಿದ್ರಾ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಭಾಗೀರಥಮ್ಮನ ಕೈ ಭರಣಿಯ ಬಾಯಿಯ ಹತ್ತಿರವೇ ನಿಂತಿತ್ತು. "ಬಿಸಿಲಲ್ಲಿ ಬಂದಿದೀಯ, ಕಾಫಿ ಕುಡ್ಕೊಂಡು ಹೋಗು ಮಗಾ," ಅಂದರು ಮೆಲ್ಲಗೆ.

"ನಿಮ್ಮ ಮನೆಯ ತೊಟ್ಟು ನೀರೂ ಬೇಡ ಅಮ್ಮ," ಅಂದವಳೇ ಗೇಟು ದಡಾರನೆ ಎಳೆದು ಹೊರಟಳು.

ಪೇಟೆಯಲ್ಲಿ ದುರ್ಗೇಶನ ಅಂಗಡಿಯ ಮುಂದೆ ಜನವೋ ಜನ. ಮಿಡಿಯ ಬುಟ್ಟಿಗಳ ಮೇಲೆ ಎಲೆಸಮೇತ ಒಂದೊಂದು ಹರೆ ಸಿಕ್ಕಿಸಿದ್ದ, ಇದು ಹೊಳೆದಂಡೆಯದೇ ಅಂತ ಗಿರಾಕಿಗೆ ನಂಬಿಕೆ ಬರಲಿ ಅಂತ. "ನಂದಿಗುಂಡಿ ಅಪ್ಪೆ! ಫಸ್ಟ್ ಪ್ರೈಜ್ ಬಂದಿದ್ದು! ಇನ್ನು ಸಿಗಲ್ಲ!" ಅಂತ ಕೂಗುತ್ತಿದ್ದ. ಇನ್ನು ಸಿಗಲ್ಲ ಅನ್ನುವುದನ್ನೂ ಮಾರುತ್ತಾನಲ್ಲ ಈ ಮನುಷ್ಯ ಅಂತ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಕಟ್ಟಿದ ಕಸಿಗಳು ಒಂದೊಂದಾಗಿ ಕಪ್ಪಾಗುತ್ತ ಬಂದವು. ಹೂವಯ್ಯ ಬಂದಾಗಲೆಲ್ಲ ವಿಚಾರಿಸುತ್ತಿದ್ದವನು ಕೊನೆಗೆ ಅವಳ ಮುಖ ನೋಡಿ ಕೇಳುವುದನ್ನೇ ಬಿಟ್ಟ.

ಮುಂದಿನ ಫೆಬ್ರವರಿ ಬಂತು, ಮತ್ತೆ ಮೇಳ. ಅವಳ ಅಟ್ಟದ ಮೇಲೆ ನಂದಿಗುಂಡಿ ಅಪ್ಪೆಯ ಉಪ್ಪಿನಕಾಯಿ ಒಂದೇ ಒಂದು ಜಾಡಿ ಉಳಿದಿತ್ತು. ಅದನ್ನೇ ತೆಗೆದುಕೊಂಡು ಹೋದಳು. "ಮತ್ತೆ ಯಾಕೆ ಹೋಗ್ತೀಯ, ಹೋದ್ಸಲದ್ದು ಸಾಲದಾ?" ಅಂತ ಗಣೇಶ ತಡೆದ. ಕೆಲಸ ಇದೆ ಅಂದಳು.

ತೀರ್ಪುಗಾರರು ಬೇರೆ ಊರಿನವರು, ಜಾಡಿ ಯಾರದ್ದೆಂದು ಗೊತ್ತಿಲ್ಲದೆ ರುಚಿ ನೋಡಿದರು. ಮೊದಲ ಬಹುಮಾನ ಮತ್ತೆ ಅದಕ್ಕೇ. ನಾರಾಯಣಮೂರ್ತಿ ವೇದಿಕೆಯ ಮೇಲೆ ಅವಳನ್ನು ಕಂಡು ಒಂದು ಗಳಿಗೆ ತಡವರಿಸಿದರು. ಆದರೆ ಪದ್ಧತಿ ಪದ್ಧತಿಯೇ, ಮೈಕು ಹಿಡಿಯಲೇಬೇಕು.

"ಎಲ್ಲಿಯ ಅಪ್ಪೆ ಅಂತ ಹೇಳಮ್ಮ."

ಈ ಸಲ ಅವಳಿಗೆ ನಾಚಿಕೆಯಿರಲಿಲ್ಲ. ಮೈಕನ್ನು ಅವರ ಕೈಯಿಂದ ತೆಗೆದುಕೊಂಡಳು.

"ನಾರಾಯಣಮೂರ್ತಿಯವರ ಭರಣಿ ಅಪ್ಪೆ."

ಸಭೆಯಲ್ಲಿ ಯಾರೋ ನಕ್ಕರು. ನಾರಾಯಣಮೂರ್ತಿಯೂ ನಗಲು ನೋಡಿದರು. "ತಮಾಷೆ ಬೇಡಮ್ಮ. ಮರ ಇರೋ ಜಾಗದ ಹೆಸರು ಹೇಳು."

"ಮರ ಎಲ್ಲೂ ಇಲ್ಲ ಸಾರ್. ಹೋದ ವರ್ಷ ಇದೇ ಮೈಕಲ್ಲಿ ನಂದಿಗುಂಡಿ ಅಂದೆ. ಬೇಲಿ ಹಾಕ್ತೀವಿ ಅಂದ್ರಿ. ಮಿಡಿ ಬಲಿಯೋದರೊಳಗೆ ಬುಡಸಮೇತ ಹೊಳೆಗೆ ಬಿತ್ತು. ಈ ಜಾಡಿಯಲ್ಲಿದ್ದದ್ದನ್ನ ಇವತ್ತು ನೀವೆಲ್ಲ ಚಪ್ಪರಿಸಿದ್ದೀರಿ, ಮುಗೀತು. ಇನ್ನು ಈ ತಳಿ ಇರೋದು ಅಧ್ಯಕ್ಷರ ಮನೆ ಭರಣಿಯಲ್ಲಿ. ಇರೋ ಜಾಗದ ಹೆಸರು ತಾನೇ ಇಡೋದು ನಮ್ಮ ಪದ್ಧತಿ? ಬರ್ಕೊಳ್ಳಿ. ಸಂರಕ್ಷಣೆ ಅಂದ್ರೆ ಹೀಗಿರಬೇಕು."

ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ದುರ್ಗೇಶ್ ಫೋನ್ ಬಂದವನ ಹಾಗೆ ಕಿವಿಗೆ ಮೊಬೈಲ್ ಹಿಡಿದು ಎದ್ದು ಹೋದ. ತೀರ್ಪುಗಾರರಲ್ಲೊಬ್ಬರು ತಮ್ಮ ತಟ್ಟೆಯಲ್ಲಿದ್ದ ಅರ್ಧ ಕಚ್ಚಿದ ಮಿಡಿಯನ್ನು ನೋಡುತ್ತ ಕುಳಿತಿದ್ದರು. ಬಹುಮಾನದ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಸುಪ್ರಿಯಾ ಮೆಟ್ಟಿಲಿಳಿದಳು.

ಹೊರಗೆ ರಸ್ತೆಯವರೆಗೂ ಅವಳ ಹಿಂದೆಯೇ ಯಾರೋ ಏದುಸಿರು ಬಿಡುತ್ತ ಬಂದರು. ಭಾಗೀರಥಮ್ಮ. ಬೈಯಲು ಬಂದಿದ್ದಾರೆಂದು ಸುಪ್ರಿಯಾ ಮೈ ಬಿಗಿದು ನಿಂತಳು.

"ಆ ಭರಣಿ ಮುಚ್ಚಳ ನಾನು ಈವರೆಗೂ ತೆಗೆದಿಲ್ಲ ಮಗಾ," ಅಂದರು ಅವರು. "ಮನಸ್ಸೇ ಬರಲಿಲ್ಲ. ಅವರು ದಿನಾ ಕೇಳ್ತಾರೆ, ಮಿಡಿ ಇನ್ನೂ ಉಪ್ಪಲ್ಲಿ ಕಳಿತಿಲ್ಲ ಅಂತ ಸುಳ್ಳು ಹೇಳ್ತೀನಿ." ಸೆರಗಿನಿಂದ ಮುಖ ಒರೆಸಿಕೊಂಡರು. "ನೀನು ಕಡ್ಡಿ ತಂದು ಕಸಿ ಕಟ್ಟಿದ್ದೆ ಅಂತ ಯಾರೋ ಅಂದ್ರು. ಒಂದಾದ್ರೂ ಹಿಡೀತಾ?"

ಕೇಳಿದ ದನಿಯಲ್ಲಿ ಕಪಟ ಇರಲಿಲ್ಲ. ಅದು ಸುಪ್ರಿಯಾಗೆ ಗೊತ್ತಾಯಿತು, ಅದಕ್ಕೇ ಸಂಕಟವಾಯಿತು. ಮನೆಯ ಬಚ್ಚಲಿನ ಹಿಂದೆ, ಅಡಿಕೆ ಸೋಗೆಯ ಮರೆಯಲ್ಲಿ, ಒಂದೇ ಒಂದು ಕಸಿ ಹಿಡಿದಿತ್ತು. ಎಲ್ಲ ಕಪ್ಪಾದ ಮೇಲೆ, ಮಳೆಗಾಲದ ಕೊನೆಗೆ, ತಾಮ್ರದ ಬಣ್ಣದ ಎರಡು ಎಲೆ ಬಿಟ್ಟಿತ್ತು. ಈಗ ಮೊಣಕಾಲೆತ್ತರ. ಎಲೆ ಹಿಸುಕಿದರೆ ಜೀರಿಗೆ ವಾಸನೆ. ಗಣೇಶನಿಗೂ ಹೇಳಿಲ್ಲ, ಹೂವಯ್ಯನಿಗೂ ಹೇಳಿಲ್ಲ. ಅದಕ್ಕೆ ಅವಳು ಹೆಸರೂ ಇಟ್ಟಿಲ್ಲ.

"ಇಲ್ಲ ಅಮ್ಮ," ಅಂದಳು. "ಒಂದೂ ಹಿಡೀಲಿಲ್ಲ."

ಭಾಗೀರಥಮ್ಮನ ಕಣ್ಣಲ್ಲಿ ನೀರು ತುಂಬಿತು. ಸುಪ್ರಿಯಾ ಅವರ ಕೈಯನ್ನು ಒಮ್ಮೆ ಹಿಡಿದು, ಬಿಟ್ಟು, ಹೊಸನಗರದ ಬಸ್ ಹತ್ತಿದಳು.